ಕುರಿಗೆ ತಿನ್ನಿಸಿದ ಗುಳಿಗೆ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರು ಹೇಳುವ ತ್ರಾಸು ಬೇಡ. ಅಣ್ಣನ ಮಗಳಿಗೆ ರಕ್ತ ಬರಲೆಂದು ನರ್ಸಬಾಯಿ ಕೊಟ್ಟುಹೋದ ಗುಳಿಗೆಗಳನ್ನು ಒಂದು ಗಬ್ಬದ ಕುರಿಗೆ ತಿನ್ನಿಸಿದವನು ನಾನು. ಸುಮ್ಮನೆ ತಿನ್ನಿಸಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ನರ್ಸಬಾಯಿಯ ದನಿಯಲ್ಲೇ ಕುರಿಗೆ ಉಪದೇಶ ಮಾಡಿ, ಅಂಗಳದ ತುಂಬ ಮಂದಿಯನ್ನು ನಗಿಸಿ ತಿನ್ನಿಸಿದೆ. ನಕ್ಕವರಲ್ಲಿ ಆ ಕೂಸೂ ಇತ್ತು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಅದೇ.

ಆಗ ನನಗೆ ಹತ್ತೊಂಬತ್ತು. ಮ್ಯಾಟ್ರಿಕ್ಕಿಗೆ ಎರಡು ಸಲ ಕೂತು ಎರಡು ಸಲವೂ ಬರಿಗೈಯಲ್ಲಿ ಎದ್ದು ಬಂದಿದ್ದೆ. ಬರುತ್ತಿದ್ದದ್ದು ಒಂದೇ ವಿದ್ಯೆ, ಮಂದಿಯ ದನಿ ತೆಗೆಯುವುದು. ಎಸ್.ಟಿ. ಬಸ್ಸಿನ ಕಂಡಕ್ಟರನ 'ಚಲಾ, ಪುಢೇ ಚಲಾ', ಕಂದಾಯ ವಸೂಲಿಗೆ ಬರುವ ತಲಾಠಿಯ ಕೆಮ್ಮು, ಹೆಡ್‌ಮಾಸ್ತರರು ಸೀನುವ ಮೊದಲು ತೆರೆಯುವ ಬಾಯಿ, ಅಪ್ಪ ಕುರಿ ಕರೆಯುವ ಕೂಗು, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಯಾರೂ ಸಿಗದ ದಿನ ನನ್ನದೇ ಅಣಕ ಮಾಡುತ್ತಿದ್ದೆ: ರಿಸಲ್ಟಿನ ಪಟ್ಟಿಯಲ್ಲಿ ತನ್ನ ನಂಬರು ಹುಡುಕುವವನು, ಮೊದಲು ಮೇಲಿನಿಂದ, ಆಮೇಲೆ ಕೆಳಗಿನಿಂದ, ಕೊನೆಗೆ ಹಾಳೆಯ ಹಿಂದೆ. ಅದಕ್ಕೆ ಕಟ್ಟೆಯ ಮೇಲೆ ಭಾಳ ಬೇಡಿಕೆ ಇತ್ತು.

ನಮ್ಮೂರು ಉಟಗಿ, ಮರಾಠಿ ಸರಕಾರಕ್ಕೆ ಸೇರಿದ ಜತ್ತ ತಾಲೂಕಿನ ಅಂಚು. ಕಚೇರಿಯ ಕಾಗದವೆಲ್ಲ ಮರಾಠಿ, ಬೈಗುಳವೆಲ್ಲ ಕನ್ನಡ. ಮನೆಯಲ್ಲಿ ಅಪ್ಪ, ಅಣ್ಣ, ಅಣ್ಣನ ಹೆಂಡತಿ, ಅವರ ಮಗಳು, ನಾನು, ಮತ್ತೆ ಎಂಬತ್ತು ಕುರಿ. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಅನ್ನುತ್ತಾರೆ. ಮೈದುನ ವೈನಿಯನ್ನು ಚಾಷ್ಟಿ ಮಾಡುವುದು ನಮ್ಮಲ್ಲಿ ತಪ್ಪಲ್ಲ, ಮಾಡದಿದ್ದರೇ 'ಮೈದುನಗ ಏನಾಗೇತಿ, ಹೊಟ್ಟಿ ನೋವೇನು' ಎಂದು ಕೇಳುತ್ತಾರೆ. ನಮ್ಮ ವೈನಿ ಯಳವಿ ಊರಿನ ಮಗಳು. ಅವರು ಚಾಷ್ಟಿಗೆ ಚಾಷ್ಟಿ ಕೊಡುವವರು. ನನ್ನನ್ನು ಕರೆಯುತ್ತಿದ್ದದ್ದೇ 'ಏ ಸೋಂಗಿನ ಮಂಗ್ಯಾ' ಎಂದು.

ಅಪ್ಪ ಕುರಿಯ ಆರೋಗ್ಯ ನೋಡುತ್ತಿದ್ದದ್ದು ಅದರ ಕಣ್ಣಿನಲ್ಲಿ. ಎಡಗೈಯಿಂದ ತಲೆ ಅಮುಕಿ ಹಿಡಿದು, ಬಲಗೈಯ ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆಯನ್ನು ಜಗ್ಗಿ, ರೆಪ್ಪೆಯ ಒಳಮಗ್ಗುಲನ್ನು ನೋಡುತ್ತಿದ್ದ. ಅಲ್ಲಿ ಹುಂಜದ ಜುಟ್ಟಿನ ಕೆಂಪಿದ್ದರೆ 'ಹೂಂ' ಎಂದು ಬಿಡುತ್ತಿದ್ದ. ಬಿಳಿಚಿದ್ದರೆ ನಾಲಿಗೆಯಿಂದ ಒಂದು 'ಚ್'. ಆ ಕುರಿ ಬೇರೆ ಗೂಟಕ್ಕೆ. ಎಂಬತ್ತು ಕುರಿಯನ್ನು ಹೀಗೆ ನೋಡಿ ಮುಗಿಸಲು ಅವನಿಗೆ ಒಂದು ಎಲೆ ಅಡಿಕೆ ಅಗಿದು ಉಗುಳುವಷ್ಟು ಹೊತ್ತು ಸಾಕು.

ಜೂನಿನ ಮಿರಗದ ಮಳೆಗೆ ಮೊದಲು ಸರಕಾರದ ದನದ ಡಾಕ್ಟರು ಬಂದು ಕರುಳುಬೇನೆಯ ಸೂಜಿ ಹಾಕುತ್ತಿದ್ದರು. ಪ್ರತಿ ವರ್ಷ ಅವರಿಗೂ ಅಪ್ಪನಿಗೂ ಅದೇ ಜಗಳ.

"ಆ ಹತ್ತ ಕುರಿ ಯಾಕ ಹಿಂದ ಕಟ್ಟೀರಿ ಮುತ್ಯಾ? ಎಲ್ಲಾಕ್ಕೂ ಒಂದ ದಿವಸ ಹಾಕಿ ಮುಗಸ್ತೀನಿ."

"ಅವಕ್ಕ ಒಳಗ ರಕ್ತ ಇಲ್ರೀ ಸಾಹೇಬ್ರ. ರಕ್ತ ಇಲ್ಲದ್ದಕ್ಕ ಸೂಜಿ ಹತ್ತೂದಿಲ್ಲ. ಇಪ್ಪತ್ತ ದಿವಸ ಬಿಟ್ಟ ಬರ್ರಿ, ಮೇಯಿಸಿ ಇಟ್ಟಿರ್ತೀನಿ."

"ಇದು ಯಾವ ಬುಕ್ಕಿನ್ಯಾಗ ಐತಿ?"

"ಬುಕ್ಕ ಓದಿದ ಕುರಿ ನನ್ನ ಹಿಂಡಿನ್ಯಾಗಿಲ್ರಿ."

ಅಪ್ಪ ಇದನ್ನು ಕಲಿತದ್ದು ನಷ್ಟದಿಂದ. ಒಂದು ವರ್ಷ ಬಿಳಿಚಿದ ಕುರಿಗಳಿಗೂ ಎಲ್ಲದರ ಜತೆ ಸೂಜಿ ಹಾಕಿಸಿದ್ದ. ಬೇನೆ ಬಂದಾಗ ಕೆಂಪು ಕಣ್ಣಿನವು ನಿಂತವು, ಬಿಳಿ ಕಣ್ಣಿನವು ಸೂಜಿ ಹಾಕಿಸಿಕೊಂಡೂ ಮಲಗಿದವು. ಅಂದಿನಿಂದ ಅವನ ಕಾಯಿದೆ: ಮೊದಲು ಜಂತಿನ ಔಷಧ, ಬೆಲ್ಲ, ಹುರುಳಿ, ಆಮೇಲೆ ಸೂಜಿ. ಈ ಜಗಳವನ್ನು ಎರಡೂ ದನಿಯಲ್ಲಿ ನಾನು ಆಡಿ ತೋರಿಸಿದರೆ ಅಪ್ಪನೇ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದ. ಹೀಗೆ ಆ ಮಾತು ನನ್ನ ಬಾಯಿಯಲ್ಲಿ ನೂರು ಸಲ ಹೊರಳಿತ್ತು. ತಲೆಯೊಳಗೆ ಒಂದು ಸಲವೂ ಹೋಗಿರಲಿಲ್ಲ.

ಇನ್ನು ಕೂಸು. ನಮ್ಮ ಮನೆಯವರೆಲ್ಲ ಕಂಬಳಿ ಬಣ್ಣದವರು. ಈ ಹುಡುಗಿಯೂ ಹುಟ್ಟಿದಾಗ ನಮ್ಮಂತೆಯೇ ಇತ್ತು. ಒಂದೂವರೆ ವರ್ಷದ ಮೇಲೆ ನೋಡನೋಡುತ್ತ ಬೆಳ್ಳಗಾಗತೊಡಗಿತು. ವೈನಿಗೆ ಹಿಗ್ಗೋ ಹಿಗ್ಗು. ದೃಷ್ಟಿ ತಾಗೀತೆಂದು ಕೆನ್ನೆಗೊಂದು, ಅಂಗಾಲಿಗೊಂದು ಕಾಡಿಗೆಯ ಬೊಟ್ಟು. ನೀರಿಗೆ ಹೋದಲ್ಲಿ ಹೆಂಗಸರು 'ಯಾರ್ನ ಹೋಲತೈತಿ ಇದು? ಸಾಹೇಬರ ಕೂಸ ಆದಂಗ ಆಗೇತಲ್ಲ' ಎಂದರೆ, ವೈನಿ 'ನಮ್ಮ ಯಳವಿ ಕಡೆದು' ಎಂದು ಸೆರಗು ಸರಿ ಮಾಡಿಕೊಳ್ಳುತ್ತಿದ್ದರು. ನಾನು ಯಳವಿಯ ಅವರ ಅಣ್ಣಂದಿರನ್ನು ಒಬ್ಬೊಬ್ಬರನ್ನಾಗಿ ನೆನಪು ಮಾಡಿಕೊಡುತ್ತಿದ್ದೆ. "ವೈನಿ, ನಿಮ್ಮ ದೊಡ್ಡಣ್ಣ ಇದ್ದಲಿ ಅಂಗಡಿ ಮುಂದ ನಿಂತ್ರ ಕಾಣೂದಿಲ್ಲ, ಅಂವ ಬೆಳ್ಳಗ ಅಂತೀರಿ?" ವೈನಿ ಊದುಗೊಳವೆ ಎಸೆಯುತ್ತಿದ್ದರು.

ಬರದ ಕಾಮಗಾರಿ ಮುಗಿದು ಒಂದೆರಡು ವರ್ಷವಷ್ಟೇ ಆಗಿದ್ದ ಕಾಲ ಅದು. ಕೆಲಸಕ್ಕೆ ಹೋದವರಿಗೆ ಸರಕಾರ ಹಂಚುತ್ತಿದ್ದ ಸುಕಡಿ ಹಿಟ್ಟೂ ನಿಂತಿತ್ತು. ಮನೆಯಲ್ಲಿ ಜೋಳದ ರೊಟ್ಟಿ, ಖಾರ, ಒಂದಿಷ್ಟು ಬೇಳೆ, ಹೊತ್ತೊತ್ತಿಗೆ ಬೆಲ್ಲದ ಚಹಾ. ಕೂಸಿಗೆ ರೊಟ್ಟಿ ಬೇಡ, ಚಹಾ ಬೇಕು, ಅದರ ಮೇಲೆ ಗೋಡೆ ಬೇಕು. ನಿಜ, ಗೋಡೆ. ಮೂಲೆಯಲ್ಲಿ ಕೂತು ಮಣ್ಣಿನ ಹಕ್ಕಳೆ ಕೆರೆದು ತಿನ್ನುತ್ತಿತ್ತು. ಮಳೆ ಹನಿ ಬಿದ್ದು ಮಣ್ಣು ಘಮ್ಮೆಂದರೆ ಅಂಗಳಕ್ಕೆ ಓಡುತ್ತಿತ್ತು, ನಾವು ಬಜಿ ವಾಸನೆಗೆ ಓಡಿದಂತೆ. "ಇಕಿ ಲಗ್ನ ಆಗೂತನಕ ನಮಗ ಮನಿ ಉಳಿಯೂದಿಲ್ಲ, ಈಗ ಬಾಗಲಾ ಎಣಿಸಿ ಇಡ್ರಿ" ಎಂದು ನಾನು ಎಲ್ಲರನ್ನೂ ನಗಿಸಿದೆ. ಮಣ್ಣು ನೆಕ್ಕುವ ಕುರಿಯನ್ನು ಕಂಡರೆ ಅಪ್ಪ ಆಗಿಂದಾಗ ಅದರ ಕಣ್ಣು ಜಗ್ಗುತ್ತಿದ್ದ. ಮಣ್ಣು ತಿನ್ನುವ ಮೊಮ್ಮಗಳನ್ನು ಕಂಡು ಹೇಳುತ್ತಿದ್ದದ್ದು, 'ಬಿಡು, ಹುಡುಗ್ರು ತಿಂತಾವ'.

ಆ ಕೂಸು ನನ್ನ ಶಿಷ್ಯೆ. ಎರಡೂವರೆ ವರ್ಷಕ್ಕೆ ಬಸ್ಸಿನ ಹಾರ್ನು ತೆಗೆಯಲು ಕಲಿತಿತ್ತು. ಆಮೇಲೆ ಕಂಡಕ್ಟರ, ಆಮೇಲೆ ಮುಂಜಾನೆ ಎದ್ದು ಗಂಟಲು ಸರಿಮಾಡಿಕೊಳ್ಳುವ ಅಜ್ಜ. ಎರಡು ಹೆಜ್ಜೆ ಓಡಿದರೆ ಏದುಸಿರು ಬಿಟ್ಟು ಕೂತುಬಿಡುತ್ತಿತ್ತು, ಆದರೆ ಕೂತಲ್ಲಿಂದಲೇ ಇಡೀ ಊರನ್ನು ಅಣಕಿಸುತ್ತಿತ್ತು. 'ಗುರು ಎಂಥಾಂವೋ ಶಿಷ್ಯಾನೂ ಅಂಥಾಕಿ, ಇಬ್ಬರೂ ದುಡಿಯಾಕ ಬರೂದಿಲ್ಲ' ಎನ್ನುತ್ತಿದ್ದರು ವೈನಿ.

ನರ್ಸಬಾಯಿ ಮಿರಜದ ಕಡೆಯವರು. ಬಿಳಿ ಸೀರೆ, ಕರಿ ಕೊಡೆ, ಭುಜಕ್ಕೆ ಸೂಜಿಯ ಡಬ್ಬಿ. ಬಿಸಿಲಲ್ಲಿ ಊರಿಂದೂರಿಗೆ ನಡೆದು ಬರುತ್ತಿದ್ದರು. ಅವರ ಮರಾಠಿಯಲ್ಲಿ ಕನ್ನಡ ಕಲೆತು ಬರುತ್ತಿತ್ತು: "ಘಟ್ಟ ಹಿಡಿರಿ ಬಾಯೀ, ಕೂಸು ಹಲೂ ದ್ಯಾಯಚ ನಾಹೀ, ಅಳ್ಳಾಡಬಾರ್ದು." ಮೂರು ಬೇನೆಗೆ ಒಂದೇ ಸೂಜಿ, ಒಂದೊಂದು ತಿಂಗಳು ಬಿಟ್ಟು ಮೂರು ಸಲ. ಮೂರರಲ್ಲಿ ಒಂದು ಗಂಟಲಮಾರಿ. ಮರಾಠಿಯಲ್ಲಿ ಅದಕ್ಕೆ ಘಟಸರ್ಪ ಅನ್ನುತ್ತಾರೆ, ಗಂಟಲಿಗೆ ಸುತ್ತಿಕೊಳ್ಳುವ ಹಾವು. ಸೂಜಿಗೆ ಹೆದರಿ ಊರಿನ ಅರ್ಧ ಹೆಂಗಸರು ಕಣಜದ ಹಿಂದೆ ಕೂತರೆ ನಮ್ಮ ವೈನಿ ಮೂರು ಸಲವೂ ತಾವೇ ಕೂಸನ್ನು ಎತ್ತಿಕೊಂಡು ಹೋದರು. ಇದನ್ನು ಒತ್ತಿ ಹೇಳುತ್ತೇನೆ. ತಪ್ಪು ಮಾಡಲಿಲ್ಲ ಅವರು ಅಲ್ಲಿ.

ಮೂರನೆಯ ಸೂಜಿಯ ದಿನ ನರ್ಸಬಾಯಿ ಕೂಸಿನ ಉಗುರು ನೋಡಿದರು, ನಾಲಿಗೆ ನೋಡಿದರು. "ಹೀ ಗೋರೀ ನಾಹೀ ಬಾಯೀ. ಇದು ಬೆಳ್ಳಗ ಬಣ್ಣ ಅಲ್ಲ, ರಕ್ತ ಕಮ್ಮಿ. ಮಣ್ಣ ತಿಂತಾಳ?" ವೈನಿಗೆ ಸಿಟ್ಟು ನೆತ್ತಿಗೇರಿತು. ನರ್ಸಬಾಯಿ ಕಾಗದದ ಪುಡಕೆಯಲ್ಲಿ ಕಬ್ಬಿಣದ ಸಣ್ಣ ಗುಳಿಗೆ ಕಟ್ಟಿಕೊಟ್ಟರು. "ರೋಜ ಏಕ ಗೋಳೀ, ದಿನಾ ಒಂದ. ಚಹಾದ ಜೋಡಿ ಕೊಡಬಾರ್ದು. ಮೂರು ತಿಂಗಳು ಬಿಡಬಾರ್ದು."

ಮನೆಗೆ ಬಂದ ಕೂಡಲೆ ವೈನಿ, "ಆಕಿ ಮಾರಿ ಆಕಿ ಕನ್ನಡ್ಯಾಗ ನೋಡ್ಕೊಂಡಾಳೇನು? ನನ್ನ ಮಗಳ ಬಣ್ಣಕ್ಕ ಹೊಟ್ಟಿಕಿಚ್ಚು" ಎಂದರು. ಆದರೂ ಗುಳಿಗೆ ಕೊಟ್ಟರು, ಚಹಾದ ಜತೆಗೇ. ಬೇರೆ ಯಾವುದರಲ್ಲಿ ಹಾಕಿದರೂ ಕೂಸು ಉಗುಳುತ್ತಿತ್ತು. ಮೊದಲ ದಿನ ವಾಂತಿ. ಮೂರನೆಯ ದಿನ ಕೂಸಿನ ಹೊಲಸು ಡಾಂಬರಿನಂತೆ ಕಪ್ಪಗಾಯಿತು. ವೈನಿ ಹೆದರಿ, "ಒಳಗ ಕರಳ ಸುಟ್ಟೈತಿ" ಎಂದು ಪುಡಕೆಯನ್ನು ಗೋಡೆಯ ಗೂಡಿನಲ್ಲಿಟ್ಟುಬಿಟ್ಟರು. ಕಬ್ಬಿಣ ತಿಂದರೆ ಕಪ್ಪಗಾಗುವುದು ಸಹಜವೆಂದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಆ ವಾರವೇ ಅಪ್ಪನ ಅಕ್ಕರೆಯ ಕುರಿಯೊಂದು ಬಿಳಿಚಿತ್ತು. ಗಬ್ಬದ ಕುರಿ, ಹೊಟ್ಟೆಯಲ್ಲಿ ಎರಡು ಮರಿ ಅವೆ ಎಂದು ಅವನ ಎಣಿಕೆ. ಬೆಲ್ಲ, ಹುರುಳಿ ಯಾವುದಕ್ಕೂ ಜಗ್ಗಲಿಲ್ಲ. ನಾನು ಗೂಡಿನಿಂದ ಪುಡಕೆ ತೆಗೆದು ತಂದೆ.

"ಏನದು?" ಅಪ್ಪ ಕೇಳಿದ.

"ರಕ್ತದ ಗುಳಿಗಿ. ಕೂಸಿಗೆ ಆಗಿ ಬರಲಿಲ್ಲ."

ಅಪ್ಪ ಒಂದನ್ನು ಅಂಗೈಯಲ್ಲಿಟ್ಟು ಮೂಸಿದ. "ದಂಡ ಯಾಕ? ಹಾಕಿ ನೋಡು."

ಅಷ್ಟೇ ಸಾಕಾಯಿತು ನನಗೆ. ಅಪ್ಪನ ಬಿಳಿ ಧೋತರವನ್ನು ಸೆರಗಿನ ಹಾಗೆ ಹೆಗಲ ಮೇಲೆ ಎಳೆದುಕೊಂಡೆ, ಕಂಕುಳಲ್ಲಿ ಮುರುಕು ಕೊಡೆ. ಅಕ್ಕಪಕ್ಕದವರೂ ಸೇರಿದರು. ಅಪ್ಪ ಕುರಿಯ ಹಿಂಗಾಲು ಹಿಡಿದು ನಿಂತ. ನಾನು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕುರಿಯ ತಲೆಯನ್ನು ಮೊಣಕಾಲ ನಡುವೆ ಅವಚಿಕೊಂಡು, "ಘಟ್ಟ ಹಿಡಿರಿ, ಕುರಿ ಹಲೂ ದ್ಯಾಯಚ ನಾಹೀ!" ಎಂದೆ. ನಗೆ ಎದ್ದಿತು. ಕುರಿಯ ಕೆಳರೆಪ್ಪೆ ಜಗ್ಗಿದೆ. ಆಮೇಲೆ, ಆಟ ಪೂರಾ ಆಗಲೆಂದು, ಕೂಸಿನ ಕೆಳರೆಪ್ಪೆಯನ್ನೂ ಜಗ್ಗಿದೆ.

ಎರಡೂ ಒಂದೇ ಬಣ್ಣ. ತೊಳೆದ ಉಣ್ಣೆಯ ಬಣ್ಣ. ಕೂಸಿನ ಕಣ್ಣಿನಲ್ಲಿ ಕೆಂಪು ಎಳೆ ಹುಡುಕಿದರೂ ಇರಲಿಲ್ಲ.

ನೋಡಿದವನು ನಾನೊಬ್ಬನೇ. ಅಪ್ಪ ಹಿಂದೆ ನಿಂತಿದ್ದ, ಉಳಿದವರು ನನ್ನ ಬಾಯಿ ನೋಡುತ್ತಿದ್ದರು. ಎದೆಯಲ್ಲಿ ಏನೋ ಒಂದು ಚುಚ್ಚಿದ್ದು ನೆನಪಿದೆ. ಆದರೆ ಇಪ್ಪತ್ತು ಮಂದಿ ಮುಂದಿನ ಮಾತಿಗೆ ಕಾಯುತ್ತಿರುವಾಗ ನನ್ನಂಥವನ ನಾಲಿಗೆ ಎದೆಯನ್ನು ಕೇಳಿಕೊಂಡು ನಡೆಯುವುದಿಲ್ಲ. "ದೋಘೀ ಸಖ್ಖ್ಯಾ ಬಹಿಣೀ! ಎರಡೂ ಒಂದ ತಾಯಿ ಮಕ್ಕಳು! ಆದ್ರ ಇದೊಂದ ಚಹಾ ಕುಡಿಯೂದಿಲ್ಲ, ಅದಕ್ಕ ಗುಳಿಗಿ ಇದಕ್ಕ" ಎಂದು ಕುರಿಯ ಬಾಯಿಗೆ ಗುಳಿಗೆ ಹಾಕಿದೆ. ಜನ ನೆಲಕ್ಕೆ ಬಿದ್ದು ನಕ್ಕರು. ಕೂಸು ಕುರಿಯ ಮೂಗು ಹಿಡಿದು, "ರೋಜ ಏಕ ಗೋಳೀ!" ಎಂದಿತು.

ಕುರಿ ದಿನಾ ನಾಲ್ಕು ಗುಳಿಗೆ ತಿಂದಿತು. ಪುಡಕೆ ತೀರುವ ಹೊತ್ತಿಗೆ ಕಣ್ಣು ಕೆಂಪೇರಿತು, ಎರಡು ಗಟ್ಟಿ ಮರಿ ಹಾಕಿತು. ಅಪ್ಪ ಊರಿಗೆಲ್ಲ ಹೇಳಿದ, "ನರ್ಸಬಾಯಿ ಗುಳಿಗಿ ಭಾಳ ಚಲೋ ಅದಾವ."

ಮುಂದಿನ ಮಳೆಗಾಲದಲ್ಲಿ ವೈನಿ ಗಂಡುಕೂಸು ಹೆತ್ತರು. ಮಗಳು ಇನ್ನಷ್ಟು ಬೆಳ್ಳಗಾದಳು. ಚಳಿಗಾಲ ಬಂತು. ಅಣ್ಣ ಹಿಂಡು ಹೊಡೆದುಕೊಂಡು ಕೃಷ್ಣಾ ಹೊಳೆಯ ಕಡೆ ಹೋದ. ಅಲ್ಲಿಯ ಕಬ್ಬಿನ ಹೊಲಗಳಲ್ಲಿ ಕುರಿ ನಿಲ್ಲಿಸಿ ಬೇಸಿಗೆಗೆ ಬರುವುದು ವಾಡಿಕೆ. ಮನೆಯಲ್ಲಿ ಮುದುಕ, ಬಾಣಂತಿತನ ಮುಗಿದ ವೈನಿ, ಎರಡು ಕೂಸು, ಮತ್ತೆ ನಾನು, ಅಂದರೆ ಗಂಡಸು ಯಾರೂ ಇಲ್ಲ ಎಂದೇ ಅರ್ಥ.

ಸಂಕ್ರಾಂತಿ ಮುಗಿದ ವಾರ ಕೆಳಗಿನ ಓಣಿಯಲ್ಲಿ ಒಬ್ಬ ಹುಡುಗ ಗಂಟಲು ಕಟ್ಟಿ ಸತ್ತ. ಹೆಂಗಸರು ಕೂಸುಗಳನ್ನು ಬಾಚಿ ತಬ್ಬಿಕೊಂಡರು. ವೈನಿ ಮಾತ್ರ ನಿರಾಳ. "ನಮ್ಮಕಿಗೆ ಮೂರೂ ಸೂಜಿ ಆಗ್ಯಾವ. ಅವರೆಲ್ಲಾ ಕಣಜದ ಹಿಂದ ಕುಂತಿದ್ರಲ್ಲ, ಕುಂದರ್ಲಿ ಈಗ."

ಎರಡು ದಿನ ಬಿಟ್ಟು ಮುಂಜಾನೆ ಕೂಸು ಹಾಸಿಗೆಯಲ್ಲಿ ಗೊಗ್ಗರು ದನಿಯಲ್ಲಿ, "ಕಾಕಾ" ಎಂದಿತು. ಥೇಟ್ ಅಪ್ಪನ ಮುಂಜಾನೆಯ ದನಿ. ಶಿಷ್ಯೆ ಗುರುವನ್ನು ಮೀರಿಸಿದಳೆಂದು ನಾನು ಚಪ್ಪಾಳೆ ತಟ್ಟಿದೆ. "ಶಾಬಾಸ! ಇನ್ನೊಮ್ಮೆ!" ಅವಳು ಇನ್ನೊಮ್ಮೆ ಅಂದಳು. ಅಪ್ಪನನ್ನು ಕರೆದು ಕೇಳಿಸಿದೆ. ಅಪ್ಪನೂ ನಕ್ಕ. ಮಧ್ಯಾಹ್ನಕ್ಕೂ ಅದೇ ದನಿ. ಸಂಜೆಗೂ ಅದೇ. ಆಗ ನನಗೆ ತಿಳಿಯಿತು. ಮಂದಿಯ ದನಿ ತೆಗೆಯುವವನಿಗೆ ಒಂದು ಗೊತ್ತಿರುತ್ತದೆ: ಯಾರೂ ಇಡೀ ದಿನ ಒಂದೇ ಸೋಂಗು ಹಿಡಿದು ಇರಲಾರರು, ಗಂಟಲು ನೋಯುತ್ತದೆ. ಇವಳು ಬಿಡುತ್ತಿಲ್ಲ. ಅಂದರೆ ಇದು ಸೋಂಗಲ್ಲ.

"ವೈನಿ, ಆಕಿ ದನಿ ಕೆಟ್ಟೈತಿ. ಆಟ ಅಲ್ಲ ಅದು."

"ಹೂಂ, ಇಬ್ಬರೂ ಕೂಡಿ ಮುಂಜಾನಿಂದ ಆಟಾ ಹಚ್ಚೀರಿ. ಈಗ ನನ್ನ ಅಂಜಸೂ ಪಾಳಿ ಏನು?"

"ಇಲ್ರೀ ವೈನಿ, ದೇವರಾಣಿ."

"ಹೋದ ತಿಂಗಳ ದೇವರಾಣಿ ಹಾಕಿ ತಲಾಠಿ ಬಂದಾನಂತ ಹೇಳಿ ನನ್ನ ಹಿತ್ತಲಕ ಓಡಿಸಿದ್ದಿ. ಮೂರ ಸೂಜಿ ಆದಕಿಗೆ ಏನ ಆಗ್ತೈತಿ? ಥಂಡಿ ಆಗೇತಿ. ಮೆಣಸಿನ ಕಷಾಯ ಕುಡಸ್ತೀನಿ."

ನನ್ನ ಖರೆ ಮಾತು ನನ್ನ ಬಾಯಿಯಿಂದ ಬಂದದ್ದರಿಂದಲೇ ಸುಳ್ಳಾಯಿತು. ಇನ್ನೂ ಕೆಟ್ಟ ಮಾತೊಂದು ಹೇಳುತ್ತೇನೆ. ಮೂರು ಸೂಜಿ ಆಗಿವೆ ಎಂಬುದನ್ನು ನಾನೂ ನಂಬಿದೆ. ನಂಬಿ ಕಟ್ಟೆಗೆ ಹೋಗಿ ಕೂತೆ.

ಮರುದಿನ ಕತ್ತು ಊದಿತು. ಉಸಿರಿನಲ್ಲಿ ಒಂದು ಥರ ಕೊಳೆತ ವಾಸನೆ. ಅಪ್ಪ ಬೆಳಕಿಗೆ ಬಾಯಿ ತೆರೆಸಿ ನೋಡಿದ. ಗಂಟಲಲ್ಲಿ ಬೂದು ಬಣ್ಣದ ಪೊರೆ, ಹಾಲಿನ ಕೆನೆ ಒಣಗಿ ಅಂಟಿದ ಹಾಗೆ. ಮುಂಜಾನೆಯ ಬಸ್ಸು ಹೋಗಿಬಿಟ್ಟಿತ್ತು. ತೊಗರಿ ಒಯ್ಯುತ್ತಿದ್ದ ವ್ಯಾಪಾರಿಯೊಬ್ಬರ ಜೀಪಿನಲ್ಲಿ ಚೀಲಗಳ ಮೇಲೆ ಕೂತು ಹೊರಟೆವು. ವೈನಿಯ ಮಡಿಲಲ್ಲಿ ಮಗಳು, ಅಪ್ಪನ ಮಡಿಲಲ್ಲಿ ಹಸುಗೂಸು. ವಳಸಂಗ ದಾಟುವಾಗ ಎದುರಿಗೆ ಎಸ್.ಟಿ. ಬಂತು. ಕೂಸು ನನ್ನತ್ತ ನೋಡಿ ತುಟಿ ಮುಂದೆ ಮಾಡಿತು. ಹಾರ್ನಿನ ಸದ್ದು ಬರಲಿಲ್ಲ.

ಜತ್ತದ ದವಾಖಾನೆಯ ಡಾಕ್ಟರು ನನಗಿಂತ ಏಳೆಂಟು ವರ್ಷ ದೊಡ್ಡವರಿರಬೇಕು. ಗಂಟಲು ನೋಡಿ ಮುಖ ಬಿಗಿ ಮಾಡಿಕೊಂಡರು. "ಘಟಸರ್ಪ. ಸೂಜಿ ಹಾಕಸಿರಲಿಲ್ಲೇನು?"

ವೈನಿ ಸೆರಗಿನ ಗಂಟು ಬಿಚ್ಚಿ ಕಾರ್ಡು ಕೊಟ್ಟರು. ಮೂರು ಗುರುತು, ಮೂರು ಸಹಿ. ಡಾಕ್ಟರು ಅದನ್ನು ಎರಡು ಸಲ ನೋಡಿದರು. ಆಮೇಲೆ ಕೂಸಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿದರು, ಥೇಟ್ ಅಪ್ಪನ ಹಾಗೆ.

ಅಪ್ಪ ಪಕ್ಕದಲ್ಲೇ ನಿಂತಿದ್ದ. ಈ ಸಲ ಅವನಿಗೂ ಕಂಡಿತು. ಅವನ ಬಾಯಿಂದ 'ಚ್' ಎಂಬ ಸಪ್ಪಳ ಬಂತು. ಕುರಿಗಳಿಗೆ ಬರುತ್ತಿದ್ದ ಅದೇ ಸಪ್ಪಳ.

"ಇಷ್ಟ ರಕ್ತ ಕಮ್ಮಿ ಐತಿ. ನರ್ಸಬಾಯಿ ಗುಳಿಗಿ ಕೊಟ್ಟಿರಲಿಲ್ಲೇನು?"

"ಕೊಟ್ಟಿದ್ರು," ಅಪ್ಪ ಹೇಳಿದ.

"ಹಾಕಿದ್ರಿ?"

"ಹಾಕೀವ್ರಿ. ಕುರಿಗೆ."

ಡಾಕ್ಟರು ಬೈಯುತ್ತಾರೆಂದು ನಾನು ಕಾದೆ. ಬೈಯಲಿಲ್ಲ. ದೊಡ್ಡ ದವಾಖಾನೆಗೆ ಚೀಟಿ ಬರೆದರು, ತಮ್ಮದೇ ಗಾಡಿ ಕೊಟ್ಟು ಮಿರಜಿಗೆ ಕಳಿಸುವ ತಯಾರಿ ಮಾಡಿದರು. ಗಾಡಿಗೆ ಎಣ್ಣೆ ಹಾಕುವಷ್ಟರಲ್ಲಿ ಅಪ್ಪ ಕೇಳಿದ, "ಸಾಹೇಬ್ರ, ರಕ್ತ ಇಲ್ಲದ ಕುರಿಗೆ ಸೂಜಿ ಹತ್ತೂದಿಲ್ಲ. ಇದೂ ಹಂಗನ ಏನ್ರಿ?"

ಡಾಕ್ಟರು ಚೀಟಿ ಮಡಿಸಿ ವೈನಿಯ ಕೈಗಿಟ್ಟರು. "ಇರಬಹುದು ಅಜ್ಜಾರ. ಖಾತ್ರಿ ಹೇಳಾಕ ಆಗೂದಿಲ್ಲ. ಸೂಜಿ ಅಂದ್ರ ಕಂಬಾರಗ ಕುಡಗೋಲಿನ ನಮೂನಿ ತೋರಿಸಿದಂಗ. ನಮೂನಿ ನೋಡಿ ಮೈಯಾಗಿನ ಕಂಬಾರ ಹತಾರ ಬಡದ ಇಡಬೇಕು. ಮನ್ಯಾಗ ಕಬ್ಬಿಣನ ಇಲ್ಲಂದ್ರ ಅಂವ ಎಷ್ಟ ಬಡದಾನು? ಒಂದೊಂದ ಮೈಗೆ ರಕ್ತ ಚಲೋ ಇದ್ರೂ ಸೂಜಿ ಪೂರಾ ಹತ್ತೂದಿಲ್ಲ. ಇದು ನನ್ನ ಗುಮಾನಿ ಅಷ್ಟ." ಆಮೇಲೆ ಅಪ್ಪನ ಮಡಿಲಿನ ಹಸುಗೂಸಿನ ಕಡೆ ನೋಡಿ, ಬೆರಳೆತ್ತಿ ಹೇಳಿದರು. "ಆದ್ರ ಕುರಿ ಲೆಕ್ಕ ಇಲ್ಲಿ ತರಬ್ಯಾಡ್ರಿ. ರಕ್ತ ಬರೂತನಕ ಸೂಜಿ ನಿಲ್ಲಸ್ತೀನಿ ಅನಬ್ಯಾಡ್ರಿ. ಕೂಸಿಗೆ ಕಾಯಾಕ ವ್ಯಾಳ್ಯಾ ಇರೂದಿಲ್ಲ. ಸೂಜಿನೂ ಹಾಕಸ್ರಿ, ರಕ್ತನೂ ಬರಸ್ರಿ. ಎರಡೂ."

ಮಿರಜಿನಲ್ಲಿ ಏನು ಮಾಡಬೇಕೋ ಮಾಡಿದರು. ಪೊರೆ ಕರಗಿತು, ಉಸಿರು ಸಲೀಸಾಯಿತು. ಆದರೆ ದನಿ ಮೂಗಿಗೆ ಹೋಯಿತು, ಕುಡಿದ ಹಾಲು ಮೂಗಿನಿಂದ ಹೊರಬರುತ್ತಿತ್ತು. ಎದೆಗೆ ವಿಷ ತಾಗಿರಬಹುದು, ಅಲುಗಾಡಿಸದೆ ಮಲಗಿಸಿಡಿ ಎಂದು ತಾಕೀತು ಮಾಡಿದ್ದರು. ಒಂಬತ್ತನೆಯ ದಿನ ಅವಳು ನನ್ನ ಬೆರಳು ಹಿಡಿದು ಮೂಗಿನಲ್ಲಿ ಕೇಳಿದಳು, "ಕಾಕಾ, ನರ್ಸಬಾಯಿ ದನಿ ತಗಿ." ನಕ್ಕರೆ ದಣಿದಾಳೆಂದು ನಾನು, "ನಾಳಿಗೆ" ಎಂದೆ. ಜನ್ಮದಲ್ಲಿ ಮೊದಲ ಸಲ ಯಾರೋ ಕೇಳಿದಾಗ ದನಿ ತೆಗೆಯಲಿಲ್ಲ ನಾನು. ಮರುದಿನ ಬೆಳಿಗ್ಗೆ ವೈನಿ ಮುಖ ಒರೆಸಲು ಬಟ್ಟೆ ತೋಯಿಸಿಕೊಂಡು ಬರುವಷ್ಟರಲ್ಲಿ ಎದೆ ನಿಂತಿತ್ತು.

ಅಣ್ಣನಿಗೆ ಸುದ್ದಿ ಮುಟ್ಟಲು ನಾಲ್ಕು ದಿನ ಹಿಡಿಯಿತು. ಅವನು ಬಂದು, ಮೂರು ದಿನ ಇದ್ದು, ಹಿಂಡಿಗೆ ಮರಳಿದ. ಕುರಿಗಳು ಬೇರೆಯವರ ಹೊಲದಲ್ಲಿ ನಿಂತಿದ್ದವು.

ಊರಿನಲ್ಲಿ ಒಂದೇ ಮಾತು. ಮೂರು ಸೂಜಿ ಹಾಕಿಸಿಯೂ ಸತ್ತಿತು, ಅಂದರೆ ಅದು ನೀರಿನ ಸೂಜಿ. ಕಣಜದ ಹಿಂದೆ ಕೂತವರೆಲ್ಲ ಈಗ ಶಾಣ್ಯಾರಾದರು. ಕಟ್ಟೆಯ ಮೇಲೆ ಒಬ್ಬ, "ಏ, ನರ್ಸಬಾಯಿದು ಒಮ್ಮಿ ಮಾಡ ನೋಡೂಣು, ನೀರಿನ ಸೂಜಿ ಬಾಯಿದು" ಎಂದ. ನಾನು ಮಾಡಿದೆ. ಹೌದು, ಆಮೇಲೆಯೂ ಮಾಡಿದೆ. ಹೇಗೆ ಮಾಡಿದೆನೆಂದು ಕೇಳಬೇಡಿ. ಮಂದಿ ನಕ್ಕರೆ ನನ್ನ ತಪ್ಪು ಅವರ ನಗೆಯಲ್ಲಿ ಹಂಚಿಹೋಗುತ್ತದೆಂದು ತಿಳಿದಿದ್ದೆನೇನೋ. 'ಘಟ್ಟ ಹಿಡಿರಿ' ಎಂದು ಅರ್ಧ ಹೇಳಿದ್ದೆ. ಓಣಿಯ ತಿರುವಿನಲ್ಲಿ ಕರಿ ಕೊಡೆ ಕಂಡಿತು.

ನರ್ಸಬಾಯಿ ಕೇಳಿಸಿಕೊಂಡರು. ನಿಲ್ಲಲಿಲ್ಲ. ಒಂದೊಂದೇ ಮನೆಯ ಮುಂದೆ ಹೋದರು, ಒಂದೊಂದೇ ಬಾಗಿಲು ಮುಚ್ಚಿತು. ಕೊನೆಗೆ ನಮ್ಮ ಮನೆಯ ಮುಂದೆ ನಿಂತರು. ಒಳಗೆ ಬರಲು ಅವರಿಗೂ ಧೈರ್ಯವಿರಲಿಲ್ಲ. ಅಪ್ಪ ಕಂಬಳಿ ಹಾಸಿದ. "ಬರ್ರಿ ಬಾಯಿ, ಕುಂದ್ರಿ. ನಿಮ್ಮ ಸೂಜಿ ತಪ್ಪಿಲ್ಲ." ಅವರು ಕೂತು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಮೂಗು ಒರೆಸಿಕೊಂಡರು. ಹಸುಗೂಸಿಗೆ ಏಳು ತಿಂಗಳು, ಮೊದಲ ಸೂಜಿಯ ಹೊತ್ತು ಮೀರಿತ್ತು. ಓಣಿಯ ಹೆಂಗಸರು ನಮ್ಮ ಬಾಗಿಲನ್ನೇ ನೋಡುತ್ತಿದ್ದರು. ಈ ಮನೆಯವಳೇ ಇನ್ನೊಮ್ಮೆ ಕೂಸನ್ನು ಮುಂದೆ ಹಿಡಿಯದಿದ್ದರೆ ಊರಿನಲ್ಲಿ ಯಾರೂ ಹಿಡಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ವೈನಿ ಒಳಗೆ ಒಲೆಯ ಮುಂದೆ ಕೂಸನ್ನು ತಬ್ಬಿಕೊಂಡು ಕೂತಿದ್ದರು. ಮಿರಜಿನಿಂದ ಬಂದಮೇಲೆ ಯಾರೊಂದಿಗೂ ನಾಲ್ಕು ಮಾತು ಆಡಿರಲಿಲ್ಲ.

ಅಪ್ಪ ನನ್ನ ಮುಖ ನೋಡಿದ. ನಾನು ಒಳಗೆ ಹೋದೆ. ಹೇಳಬೇಕಾದದ್ದು 'ನರ್ಸಬಾಯಿ ಬಂದಾರ' ಎಂದಷ್ಟೇ. ಬಾಯಿಗೆ ಬಂದದ್ದು ಬೇರೆ.

"ವೈನಿ, ಆವತ್ತ ಕುರಿ ಆಟದಾಗ ಆಕಿ ಕಣ್ಣ ನಾ ಜಗ್ಗಿ ನೋಡಿದ್ನಿ. ಬೆಳ್ಳಗಿತ್ತು, ಕುರಿದಕಿಂತ ಬೆಳ್ಳಗ. ನನಗ ಕಂಡಿತ್ತು. ಕಂಡೂ ನಗಸೂದ ಮಾಡಿದ್ನಿ. ಗುಳಿಗಿ ಕುರಿಗೆ ಹಾಕಿದಾಂವ ನಾನು. ತಪ್ಪ ನರ್ಸಬಾಯಿದಲ್ಲ, ಸೂಜಿದಲ್ಲ. ನಂದು."

ವೈನಿ ಒಲೆಯ ಕೆಂಡದ ಮೇಲೆ ಬೂದಿ ಎಳೆದರು. ಆಮೇಲೆ ಎದ್ದು ಬಂದು ಕೂಸನ್ನು ನನ್ನ ಕೈಗಿಟ್ಟರು.

"ನೀ ಒಂದಿನ ನೋಡಿ ನಕ್ಕಿ. ನಾ ದಿನಾ ನೋಡಿ, ಬೆಳ್ಳಗಾಗ್ಯಾಳಂತ ಹಿಗ್ಗಿದ್ನಿ. ಯಾರ ತಪ್ಪ ದೊಡ್ಡದಂತ ತೂಗಿದ್ರ ಆಕಿ ಎದ್ದ ಬರ್ತಾಳೇನು? ಹಿಡಿ ಇವನ್ನ. ಕಣ್ಣ ಜಗ್ಗಿ ನೋಡು. ಬಾಯಿ ಮುಚ್ಕೊಂಡ ನೋಡು. ಹೊರಗ ಹೋಗಿ, ಏನ ಕಂಡತಿ ಅದನ್ನ ನರ್ಸಬಾಯಿಗೆ ಹೇಳು. ನಿನ್ನ ದನ್ಯಾಗ ಹೇಳು."